ಜುಮ್ಮಾ ದಿನದ ನೀರಿನ ಮಾತ್ರೆ

ನನ್ನ ಯಜಮಾನರನ್ನು ಯಾರು ಏನು ಕೇಳಿದರೂ ಬರುವ ಉತ್ತರ ಒಂದೇ, ಚೆನ್ನಾಗಿದೀನಿ. ಜ್ವರದಲ್ಲಿ ಗಡಗಡ ನಡುಗುತ್ತಿರುವಾಗ ಕೇಳಿ, ಚೆನ್ನಾಗಿದೀನಿ. ಬಚ್ಚಲಲ್ಲಿ ಜಾರಿ ಮೊಣಕೈ ಬಾತುಕೊಂಡಿದ್ದಾಗ ಕೇಳಿ, ಚೆನ್ನಾಗಿದೀನಿ. ಹೃದಯದ ಪಂಪಿಂಗ್ ಅರ್ಧಕ್ಕಿಂತ ಕೆಳಗಿಳಿದು, ಎರಡೂ ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟುತ್ತದೆಂದು ಕುರ್ಚಿಯಲ್ಲಿ ಕೂತೇ ತೂಕಡಿಸುತ್ತಿದ್ದ ದಿನಗಳಲ್ಲೂ ಎದುರು ಮನೆಯವರು ವಿಚಾರಿಸಿದರೆ ಅದೇ ಮಾತು. ಇಂಥವರನ್ನು ಎದುರಿಗೆ ಕೂರಿಸಿಕೊಂಡು, ಚಿಕಿತ್ಸೆ ಆದಮೇಲೆ ನಿಮ್ಮ ಬದುಕು ಹೇಗಿದೆ ಎಂದು ಕೇಳಿ, ಅದಕ್ಕೆ ನೂರಕ್ಕೆ ಇಷ್ಟು ಎಂದು ಅಂಕ ಹಾಕಲು ಹೊರಟರೆ ಏನಾಗಬೇಕೋ ಅದೇ ನಮ್ಮ ಮನೆಯಲ್ಲಿ ಆಯಿತು.

ನಮ್ಮದು ದೇವನಹಳ್ಳಿ ತಾಲ್ಲೂಕಿನ ವಿಜಯಪುರ. ಊರ ಹೆಸರು ಹೇಳಿದರೆ ಬೆಂಗಳೂರಿನವರು ಗೋಲಗುಂಬಜ್ ಹತ್ತಿರವಾ ಎನ್ನುತ್ತಾರೆ. ಅಲ್ಲಪ್ಪಾ, ರೇಷ್ಮೆ ವಿಜಯಪುರ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಯಜಮಾನರು ರೀಲರ್ ಆಗಿದ್ದವರು. ಮಾರ್ಕೆಟ್ಟಿನಲ್ಲಿ ರೈತರಿಂದ ರೇಷ್ಮೆಗೂಡು ಕೊಂಡು ತಂದು, ಬೇಯಿಸಿ, ನೂಲು ತೆಗೆದು ಮಾರುವ ಕಸುಬು. ಈಗ ಅದನ್ನು ಮಗ ನಡೆಸುತ್ತಾನೆ. ಮಗ, ಸೊಸೆ, ನಾವಿಬ್ಬರು ಒಂದೇ ಮನೆಯಲ್ಲಿದ್ದೇವೆ.

ನಾನು ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ರಿಟೈರಾದವಳು. ಮನೆಯಲ್ಲಿ ನಾವು ಆಡುವುದು ದಖ್ನಿ ಉರ್ದು. ಆದರೆ ಸಿಟ್ಟು ಬಂದರೆ ನನ್ನ ಬಾಯಿಗೆ ಬರುವುದು ಕನ್ನಡವೇ. ಅಷ್ಟು ವರ್ಷ ಮಕ್ಕಳನ್ನು ಗದರಿಸಿದ್ದು ಆ ಭಾಷೆಯಲ್ಲಿ, ನಾಲಿಗೆ ಅದಕ್ಕೇ ಪಳಗಿದೆ. ಅಡುಗೆಮನೆಯಿಂದ ಕನ್ನಡ ಕೇಳಿಸಿತೆಂದರೆ ಯಜಮಾನರು ಮೆಲ್ಲಗೆ ಚಪ್ಪಲಿ ಹುಡುಕುತ್ತಾರೆ. ಅವರೂ ರೈತರ ಜೊತೆ ಕನ್ನಡದಲ್ಲೇ ಚೌಕಾಸಿ ಮಾಡಿದವರು. ಹಾಗಾಗಿ ನಮ್ಮ ಜಗಳಗಳೆಲ್ಲ ಕನ್ನಡದಲ್ಲಿ, ರಾಜಿ ಮಾತ್ರ ದಖ್ನಿಯಲ್ಲಿ.

ಕಾಯಿಲೆ ಸದ್ದಿಲ್ಲದೆ ಬಂತು. ನಮ್ಮ ಮನೆಯಿಂದ ಮಸೀದಿಗೆ ಒಂದೇ ಬೀದಿ. ಐದು ಹೊತ್ತೂ ನಡೆದು ಹೋಗಿ ಬರುತ್ತಿದ್ದವರು ದಾರಿಯಲ್ಲಿ ಒಂದೊಂದು ಅಂಗಡಿ ಮುಂದೆ ನಿಲ್ಲಲು ಶುರು ಮಾಡಿದರು. ಬಟ್ಟೆ ಅಂಗಡಿಯಲ್ಲಿ ಸೀರೆ ನೋಡುವುದು, ಹಣ್ಣಿನ ಗಾಡಿಯ ಹತ್ತಿರ ಬೆಲೆ ಕೇಳುವುದು. ಒಂದು ದಿನ ಬಟ್ಟೆ ಅಂಗಡಿಯವನೇ ಮನೆಗೆ ಬಂದು, ಸಾಹೇಬ್ರು ಯಾವ ಸೀರೆ ತಗೋಬೇಕು ಅಂತ ಇದಾರೋ ಗೊತ್ತಾಗ್ತಿಲ್ಲ, ದಿನಾ ನೋಡ್ತಾರೆ ಎಂದ. ನನಗೆ ಒಳಗೊಳಗೇ ಖುಷಿಯಾಯಿತು, ಏನೋ ತಂದುಕೊಡುತ್ತಾರೆಂದು. ಉಸಿರು ಸಾಲದೆ ನಿಲ್ಲುತ್ತಿದ್ದರು ಎಂದು ತಿಳಿದದ್ದು ಅವರ ಪಾದ ಚಪ್ಪಲಿಗೆ ಹಿಡಿಸದೆ ಹೋದಾಗ.

ದೇವನಹಳ್ಳಿ ದಾಟಿ ಬೆಂಗಳೂರಿನ ದಾರಿಯಲ್ಲಿರುವ ಒಂದು ಆಸ್ಪತ್ರೆಗೆ ಸೇರಿಸಿದೆವು. ಹೃದಯ ಸೋತಿದೆ, ಅದು ಸರಿಯಾಗಿ ರಕ್ತ ತಳ್ಳದೆ ಮೈಯಲ್ಲಿ ನೀರು ನಿಂತಿದೆ ಎಂದರು. ಇಂಜೆಕ್ಷನ್ ಕೊಟ್ಟು ನೀರು ಇಳಿಸಿದರು. ಊತ ಇಳಿದ ಮೇಲೆ ಒಳಗಿನಿಂದ ನನ್ನ ಹಳೆಯ ಯಜಮಾನರ ಮುಖ ಹೊರಗೆ ಬಂತು. ಮನೆಗೆ ಕಳಿಸುವಾಗ ಮಾತ್ರೆಗಳ ದೊಡ್ಡ ಚೀಲ ಕೊಟ್ಟರು. ಉಪ್ಪು ಕಡಿಮೆ, ಕುಡಿಯುವ ನೀರು ಅಳತೆಯಲ್ಲಿ, ಬೆಳಿಗ್ಗೆ ಎದ್ದು ತೂಕ ನೋಡಬೇಕು. ಮಾತ್ರೆಗಳಲ್ಲಿ ಒಂದು ನೀರಿನ ಮಾತ್ರೆ. ಅದನ್ನು ನುಂಗಿದರೆ ಮೈಯಲ್ಲಿ ನಿಂತ ನೀರು ಮೂತ್ರವಾಗಿ ಹೋಗುತ್ತದೆ, ಅರ್ಧ ದಿನ ಬಚ್ಚಲಿಗೆ ಹೋಗುವುದು ಬರುವುದೇ ಕೆಲಸ. ಬೆಳಿಗ್ಗೆ ತಿಂಡಿ ಆದಮೇಲೆ ತಗೊಳ್ಳಿ ಎಂದಿದ್ದರು ಡಾಕ್ಟರು. ಡಾಕ್ಟರು ಹೇಳಿದ ಮೇಲೆ ಮುಗಿಯಿತು, ನಮ್ಮಂಥವರಿಗೆ ಅದು ಕಾನೂನು. ತಿಂಡಿ ತಟ್ಟೆ ಎತ್ತುವಾಗ ಮಾತ್ರೆಯನ್ನು ಅವರ ಅಂಗೈ ಮೇಲೆ ಇಡುವುದು ನನ್ನ ಕೆಲಸವಾಯಿತು.

ಅದೇ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಇದ್ದಳು. ಹೃದಯ ಸೋತು ಚಿಕಿತ್ಸೆ ಪಡೆದ ವಯಸ್ಸಾದವರು ಆಮೇಲೆ ಹೇಗೆ ಬದುಕುತ್ತಾರೆ ಎಂದು ಸಂಶೋಧನೆ ನಡೆಯುತ್ತಿತ್ತು, ಅದರಲ್ಲಿ ಪ್ರಶ್ನೆ ಕೇಳುವುದು ಅವಳ ಕೆಲಸ. ಚೆಕಪ್ಪಿಗೆ ಹೋದಾಗಲೆಲ್ಲ ಯಜಮಾನರನ್ನು ಒಂದು ಪುಟ್ಟ ಕೋಣೆಗೆ ಕರೆದುಕೊಂಡು ಹೋಗಿ ಕೇಳುವಳು. ಸ್ನಾನ ಮಾಡಲು ಕಷ್ಟವೇ? ಮೆಟ್ಟಿಲು ಹತ್ತಲು? ನೆಂಟರ ಮನೆಗೆ ಹೋಗಲು? ನಿದ್ದೆ ಬರುತ್ತದೆಯೇ? ಔಷಧಿಯಿಂದ ತೊಂದರೆ ಇದೆಯೇ? ಸ್ವಲ್ಪ, ಸುಮಾರು, ತುಂಬಾ ಎಂದು ಆರಿಸಿ ಹೇಳಬೇಕು. ಇವರಿಗೆ ಆರಿಸುವ ಕಷ್ಟವೇ ಇರಲಿಲ್ಲ. ಎಲ್ಲದಕ್ಕೂ ಇಲ್ಲಮ್ಮ, ಏನೂ ಇಲ್ಲ. ಆ ಮಗು ಪಾಪ ಒಳ್ಳೆಯದು, ತಾತಾ ತಾತಾ ಎಂದು ಪ್ರೀತಿಯಿಂದ ಮಾತಾಡಿಸುತ್ತಿತ್ತು. ಇಷ್ಟೆಲ್ಲ ಮಾಡಿದವರ ಮುಂದೆ ಕೂತು ನನಗೆ ಚೆನ್ನಾಗಿಲ್ಲ ಎಂದರೆ ಅವರ ಕೆಲಸಕ್ಕೆ ಹೆಸರಿಟ್ಟ ಹಾಗೆ ಎಂಬುದು ಯಜಮಾನರ ಲೆಕ್ಕ. ಊಟಕ್ಕೆ ಕರೆದವರ ಮನೆಯಲ್ಲಿ ಸಾರು ಚೆನ್ನಾಗಿಲ್ಲ ಎನ್ನುತ್ತೇವೆಯೇ, ಹಾಗೆ.

ಅಂತೂ ಅವರಿಗೆ ಫಸ್ಟ್ ಕ್ಲಾಸ್ ಅಂಕ ಬಂತು. ಡಾಕ್ಟರು ಬೆನ್ನು ತಟ್ಟಿದರು. ನನಗೆ ಮಾತ್ರ ಸಮಾಧಾನವಿರಲಿಲ್ಲ. ಒಂದೂ ತಪ್ಪಿಲ್ಲದೆ ಬರೆದ ಉತ್ತರಪತ್ರಿಕೆ ಕಂಡರೆ ಮೇಷ್ಟ್ರುಗಳಿಗೆ ಹುಡುಗನ ಮೇಲಲ್ಲ, ಅವನ ಪಕ್ಕ ಕೂತವನ ಮೇಲೆ ಕಣ್ಣು ಹೋಗುತ್ತದೆ. ಮನೆಯಲ್ಲಿ ನಾನು ಕಾಣುತ್ತಿದ್ದ ಮನುಷ್ಯನಿಗೂ ಆ ಅಂಕಕ್ಕೂ ತಾಳೆ ಬೀಳುತ್ತಿರಲಿಲ್ಲ. ಮಸೀದಿಗೆ ಹೋಗುವುದನ್ನೇ ಬಿಟ್ಟಿದ್ದರು. ಹಾಲಿನ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮನೆಯಲ್ಲೇ ನಮಾಜು. ಕೇಳಿದರೆ ಮಂಡಿನೋವು. ಗೆಳೆಯರು ಬಂದು ಕರೆದರೂ ಮಂಡಿನೋವು. ಶುಕ್ರವಾರ ಮಧ್ಯಾಹ್ನದ ಜುಮ್ಮಾ ನಮಾಜು ಒಂದಕ್ಕೆ ಮಾತ್ರ ಹೋಗುತ್ತಿದ್ದರು, ಅದನ್ನು ಮನೆಯಲ್ಲಿ ಮಾಡುವಂತಿಲ್ಲವಲ್ಲ.

ಇನ್ನೊಂದು ವಿಷಯ. ಶನಿವಾರ, ಭಾನುವಾರ ಬಂತೆಂದರೆ ಕಾಲು ಊದುತ್ತಿತ್ತು, ತೂಕದ ಮುಳ್ಳು ಮೇಲೆ ಹೋಗುತ್ತಿತ್ತು. ವಾರದ ಮಧ್ಯದ ಹೊತ್ತಿಗೆ ಇಳಿಯುತ್ತಿತ್ತು. ಮತ್ತೆ ಶನಿವಾರ ಶುರು. ನನಗೆ ತಲೆ ಕೆಟ್ಟುಹೋಯಿತು. ಉಪ್ಪು, ಇದು ಉಪ್ಪಿನ ಕೆಲಸವೇ ಎಂದು ತೀರ್ಮಾನಿಸಿದೆ. ಮೊದಲು ಸೊಸೆಯ ಮೇಲೆ ಹಾರಾಡಿದೆ. ಅವಳು ಮಾವನ ಪಾಲಿನ ಸಾರನ್ನು ನನಗೇ ಒಂದು ಸೌಟು ಬಡಿಸಿದಳು. ಒಂದು ತುತ್ತು ಗಂಟಲಲ್ಲಿ ಇಳಿಯಲಿಲ್ಲ, ಅಷ್ಟು ಸಪ್ಪೆ. ಉಪ್ಪಿನಕಾಯಿ ಜಾಡಿಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆ ಶನಿವಾರವೂ ಕಾಲು ಊದಿತು.

ಹಾಗಾದರೆ ಹೊರಗಡೆ ತಿನ್ನುತ್ತಿದ್ದಾರೆ! ಜುಮ್ಮಾ ಮುಗಿಸಿ ಗೆಳೆಯರ ಜೊತೆ ಟೀ ಅಂಗಡಿಯಲ್ಲಿ ಕೂರುತ್ತಾರೆಂದು ಗೊತ್ತಿತ್ತು. ಸಮೋಸ ತಿನ್ನುತ್ತಾರೋ, ಖಾರಾ ಬಿಸ್ಕತ್ತೋ, ಇವತ್ತು ಹಿಡಿದೇ ಹಿಡಿಯುತ್ತೇನೆ ಎಂದು ಬುರ್ಖಾ ಹಾಕಿಕೊಂಡು ನಾನೇ ಹೊರಟೆ. ಹೋಗುವಷ್ಟರಲ್ಲಿ ಅವರು ಎದ್ದು ಹೋಗಿದ್ದರು. ಟೀ ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನು ಕಂಡವನೇ ಟವೆಲ್ಲು ಹೆಗಲಿಂದ ತೆಗೆದು ಕೈಕಟ್ಟಿ ನಿಂತ. ಒಳಗೆ ಕೂತಿದ್ದ ಇನ್ನೊಬ್ಬ ಹಳೇ ವಿದ್ಯಾರ್ಥಿ ಬೀಡಿ ಕಾಲಡಿ ಹಾಕಿದ. ಸಾಹೇಬರು ಏನೇನು ತಿಂದರು ಹೇಳು ಎಂದು ಪರೀಕ್ಷೆ ಶುರು ಮಾಡಿದೆ. ತಿನ್ನುವುದು ಹಾಗಿರಲಿ ಮೇಡಂ, ಶುಕ್ರವಾರ ಟೀ ಕೂಡ ಕುಡಿಯಲ್ಲ, ಗೆಳೆಯರು ಬಲವಂತ ಮಾಡಿದರೆ ತುಟಿಗೆ ಸೋಕಿಸಿ ಇಟ್ಟುಬಿಡುತ್ತಾರೆ, ನೀರೂ ಬೇಡ ಅಂತಾರೆ ಎಂದ. ನಾನು ನಂಬಲಿಲ್ಲ. ಅವನು ಶಾಲೆಯಲ್ಲಿದ್ದಾಗಲೂ ಗೆಳೆಯರನ್ನು ಬಿಟ್ಟುಕೊಡುತ್ತಿರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಯಜಮಾನರ ಹಳೆಯ ಗೆಳೆಯರೊಬ್ಬರು ಹತ್ತಿರದ ಆವತಿ ಹಳ್ಳಿಯಲ್ಲಿ ತೀರಿಕೊಂಡರು. ಇವರು ಮಣ್ಣಿಗೆ ಹೋದರು, ಮೂರನೇ ದಿನದ ಪ್ರಾರ್ಥನೆಗೂ ಹೋದರು, ಅದರ ಹಿಂದೆಯೇ ಜುಮ್ಮಾ ಬಂತು. ಶನಿವಾರ ಬೆಳಿಗ್ಗೆ ತಿಂಡಿಗೆ ಕರೆಯಲು ಹೋದರೆ ಮಂಚದ ಅಂಚಿನಲ್ಲಿ ಕೂತು ಎರಡೂ ಕೈಯನ್ನು ಊರಿಕೊಂಡು ಉಸಿರಿಗೆ ಒದ್ದಾಡುತ್ತಿದ್ದರು. ತುಟಿ ನೀಲಿಯಾಗಿತ್ತು. ಮಗ ಪಕ್ಕದ ಮನೆಯ ಕಾರು ತಂದ. ದಾರಿಯುದ್ದಕ್ಕೂ ಅವರ ಕೈ ಹಿಡಿದುಕೊಂಡು ನಾನು ಬಯ್ಯುತ್ತಲೇ ಇದ್ದೆನಂತೆ. ನನಗೆ ನೆನಪಿಲ್ಲ, ಮಗ ಹೇಳಿದ್ದು.

ಮತ್ತೆ ಇಂಜೆಕ್ಷನ್, ಮತ್ತೆ ನೀರು ಇಳಿಸುವುದು. ಮೂತ್ರಕ್ಕೆ ಪೈಪು ಹಾಕಿ ಚೀಲವನ್ನು ಮಂಚದ ಪಕ್ಕ ತೂಗುಬಿಟ್ಟರು. ಮಾತ್ರೆ ಬಿಟ್ಟಿದ್ರಾ ಎಂದು ಡಾಕ್ಟರು ಕೇಳಿದರು. ಇವರು ಇಲ್ಲ ಎಂದು ತಲೆಯಾಡಿಸಿದರು. ನಾನೂ ನನ್ನ ಕೈಯಾರೆ ಕೊಡ್ತೀನಿ ಡಾಕ್ಟ್ರೇ ಎಂದು ಸಾಕ್ಷಿ ಹೇಳಿದೆ. ಹಾಗಾದರೆ ಹೃದಯವೇ ಇನ್ನೂ ಸೋಲುತ್ತಿದೆಯೇನೋ, ಔಷಧಿ ಜಾಸ್ತಿ ಮಾಡಬೇಕು, ಎದೆಯಲ್ಲಿ ಯಂತ್ರ ಕೂರಿಸುವುದನ್ನೂ ಯೋಚಿಸಬೇಕು ಎಂದು ಡಾಕ್ಟರು ಮಗನ ಹತ್ತಿರ ಮಾತಾಡಿದರು. ಮಗನ ಮುಖ ಸಣ್ಣದಾಯಿತು. ನಾನು ಅಲ್ಲಿಂದಾಚೆ ಅವರನ್ನು ಬಯ್ಯುವುದನ್ನು ನಿಲ್ಲಿಸಿದೆ. ಅಷ್ಟು ಹೆದರಿದ್ದೆ.

ಆಕ್ಸಿಜನ್ ತೆಗೆದ ಮಾರನೇ ದಿನ ಮಧ್ಯಾಹ್ನ ಆ ಹುಡುಗಿ ಬಂದಳು. ಆಸ್ಪತ್ರೆಗೆ ಮತ್ತೆ ಸೇರಿದವರನ್ನೂ ಕೇಳಬೇಕಂತೆ. ಮಂಚದ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಅದೇ ಪ್ರಶ್ನೆ ಶುರು ಮಾಡಿದಳು. ನಮ್ಮ ಸಾಹೇಬರು ಕೈಯಲ್ಲಿ ಸೂಜಿ, ಎದೆ ಮೇಲೆ ವೈರು ಇಟ್ಟುಕೊಂಡು ಅದೇ ಉತ್ತರ ಶುರು ಮಾಡಿದರು. ಉಸಿರಿಗೆ ತೊಂದರೆ? ಈಗ ಏನಿಲ್ಲಮ್ಮ. ಔಷಧಿಯಿಂದ ತೊಂದರೆ? ಇಲ್ಲಮ್ಮ, ಬಹಳ ಒಳ್ಳೇ ಔಷಧಿ. ಮೂರು ದಿನದಿಂದ ಕಟ್ಟಿಟ್ಟಿದ್ದ ನನ್ನ ಕನ್ನಡ ಒಡೆಯಿತು.

"ರೀ, ಮೊನ್ನೆ ತಾನೇ ಸತ್ತು ಬದುಕಿದೀರಿ. ಚೆನ್ನಾಗಿದೀನಿ ಅಂತೀರಲ್ಲ, ಯಾರನ್ನ ಮೆಚ್ಚಿಸೋಕೆ? ಬರ್ಕೊಳ್ಳಮ್ಮ, ಇವರಿಗೆ ಎಲ್ಲಾನೂ ಕಷ್ಟ, ತುಂಬಾ ಕಷ್ಟ!"

ಹುಡುಗಿ ಗಾಬರಿಯಾಗಲಿಲ್ಲ. "ಆಂಟಿ, ಇದಕ್ಕೆ ತಾತಾನೇ ಉತ್ತರ ಹೇಳ್ಬೇಕು. ನೀವು ಸ್ವಲ್ಪ ಹೊತ್ತು ಹೊರಗಿರ್ತೀರಾ?" ಎಂದಳು. ಪಕ್ಕದವನಿಗೆ ಉತ್ತರ ಹೇಳಿಕೊಟ್ಟ ಎಷ್ಟು ಮಕ್ಕಳನ್ನು ನಾನು ಕ್ಲಾಸಿನಿಂದ ಹೊರಗೆ ನಿಲ್ಲಿಸಿದ್ದೆನೋ. ಎದ್ದು ಹೋಗಿ ಪರದೆಯಾಚೆ ನಿಂತೆ.

ಪರದೆ ಪೂರ್ತಿ ಎಳೆದಿರಲಿಲ್ಲ. ಸಂದಿಯಿಂದ ಅವರು ಕಾಣುತ್ತಿದ್ದರು. ಮುಖದಲ್ಲಿ ನಗು, ಬಾಯಲ್ಲಿ ಇಲ್ಲಮ್ಮ ಇಲ್ಲಮ್ಮ. ಆದರೆ ಈಚೆಯ ಕೈ ಸುಮ್ಮನಿರಲಿಲ್ಲ. ಹೊದಿಕೆಯ ಅಂಚನ್ನು ಹಿಡಿದು ಇಷ್ಟಿಷ್ಟೇ ಕೆಳಗೆ ಎಳೆಯುತ್ತಿತ್ತು. ಎಳೆದು ಎಳೆದು, ಮಂಚದ ಪಕ್ಕ ತೂಗುತ್ತಿದ್ದ ಮೂತ್ರದ ಚೀಲ ಮುಚ್ಚುವ ತನಕ ಎಳೆದರು. ಆಮೇಲೆ ಆ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡರು. ಕಾಲಿನ ಕಡೆ ಹೊದಿಕೆ ಇಲ್ಲದೆ ಪಾದ ಎರಡೂ ಹೊರಗೆ ಬಂದಿದ್ದವು.

ಟೀ ಅಂಗಡಿಯವನು ಸುಳ್ಳು ಹೇಳಿರಲಿಲ್ಲ ಎಂದು ಆಗ ನನಗೆ ಹೊಳೆಯಿತು. ಜುಮ್ಮಾ ದಿನ ಟೀ ಬೇಡ, ನೀರು ಬೇಡ. ಗುರುವಾರ, ಶುಕ್ರವಾರ, ಗೆಳೆಯರ ಮಣ್ಣಿಗೆ ಹೋದ ವಾರವಂತೂ ದಿನಾ, ಮಾತ್ರೆ ಕೊಟ್ಟರೆ, ಆಮೇಲೆ ತಗೋತೀನಿ ಎಂದು ಅಂಗೈ ಮುಚ್ಚಿಕೊಂಡು ಜಗಲಿಗೆ ಹೋಗುತ್ತಿದ್ದರು. ನಾನು ತಟ್ಟೆ ತೊಳೆಯುವ ಗಡಿಬಿಡಿಯಲ್ಲಿ ಹಿಂದೆ ಹೋಗಿ ನೋಡುತ್ತಿರಲಿಲ್ಲ.

ಹುಡುಗಿ ಹೋದಮೇಲೆ ಒಳಗೆ ಹೋಗಿ ಹೊದಿಕೆ ಸರಿಮಾಡಿ ಅವರ ಕಾಲು ಮುಚ್ಚಿದೆ. ಪಕ್ಕದಲ್ಲಿ ಕೂತು ದಖ್ನಿಯಲ್ಲಿ, ಮೆಲ್ಲಗೆ, ನೀರಿನ ಮಾತ್ರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಮೋರಿಗೆ ಹಾಕುತ್ತಿದ್ದೆ ಎಂದರು. ಆಮೇಲೆ ಒಂದೊಂದೇ ಹೇಳಿದರು.

ಮೊದಲ ಸಲ ಆಸ್ಪತ್ರೆಯಿಂದ ಬಂದಮೇಲಿನ ಒಂದು ಜುಮ್ಮಾ. ಬೆಳಿಗ್ಗೆ ತಿಂಡಿಯಾದ ಮೇಲೆ ಮಾತ್ರೆ ನುಂಗಿ, ಮೊದಲಿನಂತೆ ಮಸೀದಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆದು ವುಜೂ ಮಾಡಿಕೊಳ್ಳಬೇಕು. ಮೂತ್ರಕ್ಕೆ ಹೋದರೆ ವುಜೂ ಮುರಿಯಿತು, ಮತ್ತೆ ಮಾಡಬೇಕು. ಉಟ್ಟ ಬಟ್ಟೆಗೆ ಅದು ತಾಗಿದರೆ ಆ ಬಟ್ಟೆಯಲ್ಲಿ ನಮಾಜು ಮಾಡುವಂತಿಲ್ಲ. ಪ್ರವಚನ ನಡೆಯುತ್ತಿರುವಾಗ ಒತ್ತಡ ಶುರುವಾಗಿದೆ. ಹಿಂದೆ ತಿರುಗಿ ನೋಡಿದರೆ ಮೆಟ್ಟಿಲ ತನಕ ಜನ, ಭುಜಕ್ಕೆ ಭುಜ ತಾಗಿಸಿ ಕೂತಿದ್ದಾರೆ. ಅಷ್ಟು ಜನರನ್ನು ದಾಟಿ, ಎಲ್ಲರ ಕಣ್ಣೆದುರು ಎದ್ದು ಹೋಗಬೇಕು. ಇನ್ನೊಂದು ಚೂರು, ಇನ್ನೊಂದು ಚೂರು ಎಂದು ತಡೆದುಕೊಂಡಿದ್ದಾರೆ. ನಮಾಜು ಶುರುವಾಗಿ ಹಣೆಯನ್ನು ನೆಲಕ್ಕೆ ಹಚ್ಚಲು ಬಗ್ಗಿದಾಗ ತಡೆಯಲಾಗಲಿಲ್ಲ. ಎಲ್ಲರೂ ಹೋಗುವ ತನಕ ಕಣ್ಣುಮುಚ್ಚಿ ಜಪಮಣಿ ಎಣಿಸುವವರಂತೆ ಕೂತಲ್ಲೇ ಕೂತಿದ್ದು, ಹೆಗಲ ಮೇಲಿನ ವಸ್ತ್ರದಿಂದ ಚಾಪೆ ಒರೆಸಿ, ನೀರಿನ ಬಾಟಲಿ ಚೆಲ್ಲಿತು, ಚಾಪೆ ತೊಳೆಸಿ ಎಂದು ಅಲ್ಲಿದ್ದವರಿಗೆ ಹೇಳಿ, ಹಿಂದಿನ ಗಲ್ಲಿಯಿಂದ ಮನೆಗೆ ಬಂದಿದ್ದಾರೆ.

ಆ ದಿನ ನನಗೆ ನೆನಪಿದೆ. ಹಿತ್ತಿಲ ನಲ್ಲಿಯ ಹತ್ತಿರ ತಮ್ಮ ಪೈಜಾಮ ತಾವೇ ಒಗೆಯುತ್ತಿದ್ದರು. ಸಾಹೇಬರು ಬಟ್ಟೆ ಒಗೀತಿದಾರೆ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ ಎಂದು ಸೊಸೆಯನ್ನು ಕರೆದು ತೋರಿಸಿ ನಕ್ಕಿದ್ದೆ. ಅವರೂ ನಕ್ಕಿದ್ದರು.

ಕೇಳುತ್ತಾ ಕೇಳುತ್ತಾ ನನಗೆ ಅಳುವೂ ಬಂತು, ಮೈಯೆಲ್ಲಾ ಉರಿದೂ ಹೋಯಿತು. "ಮಾತ್ರೆ ಬಿಟ್ರೆ ಉಸಿರು ನಿಲ್ಲುತ್ತೆ ಅಂತ ಗೊತ್ತಿರ್ಲಿಲ್ವಾ ನಿಮಗೆ?" ಎಂದೆ. ಕನ್ನಡಕ್ಕೆ ಇಳಿದಿದ್ದೆ.

"ಗೊತ್ತಿತ್ತು," ಎಂದರು. "ಉಸಿರು ನಿಂತ್ರೆ ಮೇಲಿರೋನ ಮುಂದೆ ನಿಲ್ತೀನಿ. ಮತ್ತೆ ಅದಾದ್ರೆ ಊರ ಜನದ ಮುಂದೆ ನಿಲ್ಬೇಕಲ್ಲ, ಟೀಚರಮ್ಮ."

ಐವತ್ತು ವರ್ಷದ ಹತ್ತಿರ ಸಂಸಾರ ಮಾಡಿದ್ದೇನೆ ಇವರ ಜೊತೆ. ಇವರು ಸಾಯಲು ತಯಾರಾಗಿದ್ದರು, ನಾನು ಉಪ್ಪಿನಕಾಯಿ ಜಾಡಿಗೆ ಬೀಗ ಹಾಕುತ್ತಿದ್ದೆ. ಆ ಕ್ಷಣ ನನಗೆ ಇವರ ಮೇಲೆ ಬಂದಷ್ಟು ಸಿಟ್ಟು ಯಾವತ್ತೂ ಬಂದಿಲ್ಲ, ಅಷ್ಟು ಪ್ರೀತಿಯೂ ಬಂದಿಲ್ಲ. ಪಕ್ಕದ ಮಂಚದ ರೋಗಿ ಈ ಕಡೆಯೇ ನೋಡುತ್ತಿದ್ದ. ನೋಡಿಕೊಳ್ಳಲಿ ಎಂದು ಅತ್ತೆ.

ನೀನೇ ಡಾಕ್ಟರ ಹತ್ತಿರ ಹೇಳಿಬಿಡು ಎಂದರು ಆಮೇಲೆ. ಅದೊಂದು ಆಗುವುದಿಲ್ಲ ಎಂದೆ. ಆ ಹುಡುಗಿ ಹೇಳಿದ ಮಾತು ಮನಸ್ಸಿನಲ್ಲಿತ್ತು, ಇದಕ್ಕೆ ಇವರೇ ಉತ್ತರ ಹೇಳಬೇಕು. ಅವರು ಮುಖ ಆ ಕಡೆ ತಿರುಗಿಸಿದರು. ನಾನು ಬಿಡಲಿಲ್ಲ.

"ಮಾರ್ಕೆಟ್ನಲ್ಲಿ ರೈತ ಗೂಡು ಚೆನ್ನಾಗಿದೆ ಅಂದ್ರೆ ನೀವು ಹಂಗೇ ನಂಬಿ ತಗೋತಿದ್ರಾ? ಬುಟ್ಟಿ ತಳಕ್ಕೆ ಕೈ ಹಾಕಿ ತೆಗೆದು, ಕಿವಿ ಹತ್ರ ಅಲ್ಲಾಡಿಸಿ ನೋಡ್ತಿದ್ರಿ. ಆ ಡಾಕ್ಟ್ರು ನಿಮ್ಮ ಬುಟ್ಟಿಗೆ ಹೆಂಗೆ ಕೈ ಹಾಕ್ತಾರೆ? ನೀವು ಮೇಲೆ ಚೆನ್ನಾಗಿರೋದನ್ನೇ ಹರಡಿ ಕೂತಿದೀರಿ."

ಸಾಯಂಕಾಲ ಡಾಕ್ಟರು ಬಂದಾಗ, ನರ್ಸ್ ಅತ್ತ ಹೋಗುವ ತನಕ ಕಾದು, ನನ್ನನ್ನೂ ಕಣ್ಣಲ್ಲೇ ದೂರ ಕಳಿಸಿ, ಹೇಳಿದರು. ನಾನು ದೂರ ನಿಂತಿದ್ದೆ, ಕೇಳಿಸುವಷ್ಟು ದೂರ. ಬಳಸಿ ಬಳಸಿ ಹೇಳಿದರು, ಅರ್ಧ ಮಾತು ಉರ್ದು, ಅರ್ಧ ಕನ್ನಡ. ಡಾಕ್ಟರು ಮಂಚದ ಮೇಲೆ ಕೂತು ಕೇಳಿಸಿಕೊಂಡರು. ನಗಲಿಲ್ಲ, ಅದು ಪುಣ್ಯ. ಶುಕ್ರವಾರ ನಮಾಜು ಮುಗಿಸಿ ಮನೆಗೆ ಬಂದು ಮಾತ್ರೆ ತಗೊಳ್ಳಿ, ಎಲ್ಲಾದರೂ ಹೋಗುವ ದಿನವೂ ಅಷ್ಟೇ, ಹೊತ್ತು ಹಿಂದೆ ಮುಂದೆ ಆದರೆ ಏನೂ ಆಗುವುದಿಲ್ಲ, ಬಿಡುವುದು ಮಾತ್ರ ಬೇಡ ಎಂದರು. ಔಷಧಿ ಹೆಚ್ಚಿಸುವುದು, ಯಂತ್ರದ ಮಾತು, ಸದ್ಯಕ್ಕೆ ಬೇಡ, ನೋಡೋಣ ಎಂದರು.

ಅಷ್ಟೇ. ಇಷ್ಟಕ್ಕೆ ಇಷ್ಟು ಒದ್ದಾಡಿದೆವೇ ಎಂದು ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇದನ್ನು ಮೊದಲೇ ಹೇಳಬಾರದಿತ್ತಾ ಎಂದು ಡಾಕ್ಟರ ಮೇಲೆ ಹಾರಾಡೋಣ ಎಂದುಕೊಂಡೆ. ಆದರೆ ಮೊದಲೇ ಕೇಳಬಾರದಿತ್ತಾ ಎಂದು ಅವರೂ ತಿರುಗಿ ಕೇಳಬಹುದಿತ್ತು. ಡಾಕ್ಟರು ಉಸಿರು ಕೇಳಿದರು, ಹುಡುಗಿ ಮೆಟ್ಟಿಲು ಕೇಳಿದಳು, ನಾನು ಉಪ್ಪು ಕೇಳಿದೆ. ಸುಮ್ಮನೆ ಮನೆಗೆ ಬಂದೆವು.

ಮುಂದಿನ ಚೆಕಪ್ಪಿನಲ್ಲಿ ಹುಡುಗಿ ಕರೆದಾಗ ಒಳಗೆ ಹೋಗುವ ಮುಂಚೆ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಆವತ್ತು ಬಹಳ ಹೊತ್ತು ಹಿಡಿಯಿತು. ಬಗ್ಗಿದರೆ ಉಸಿರು ಕಟ್ಟುತ್ತದೆ ಎಂದರಂತೆ. ಮಾತ್ರೆಯಿಂದ ತೊಂದರೆ ತುಂಬಾ ಇದೆ, ಜನರ ನಡುವೆ ಹೋಗಲು ಹಿಂಜರಿಕೆಯಾಗುತ್ತದೆ ಎಂದರಂತೆ. ಅಂಕ ಧಡಕ್ಕನೆ ಕೆಳಗೆ ಬಿತ್ತು. ಹುಡುಗಿ ಪೆಚ್ಚಾಗಿ ಹೊರಗೆ ಬಂದು, "ಆಂಟಿ, ಕಾಲು ಊದಿಲ್ಲ, ತೂಕ ಸರಿಯಾಗಿದೆ, ಎಲ್ಲಾ ಚೆನ್ನಾಗಿದೆ. ಆದ್ರೆ ಮಾರ್ಕ್ಸ್ ಮಾತ್ರ ಕಮ್ಮಿ ಆಗಿದೆ" ಎಂದಳು. ಕಮ್ಮಿ ಆಗಿಲ್ಲಮ್ಮ, ಈಗಲೇ ನೀನು ಸರಿಯಾಗಿ ಅಳೆದಿರೋದು ಎಂದೆ. ಅವಳಿಗೆ ಪೂರ್ತಿ ಅರ್ಥವಾಗಲಿಲ್ಲ. ಯಜಮಾನರು ಬಸ್ಸಿನಲ್ಲಿ, ಫೇಲ್ ಆಗಿದೀನಾ ಎಂದು ಕೇಳಿದರು. ಪಾಸು, ಜಸ್ಟ್ ಪಾಸು ಎಂದೆ.

ಆದರೂ ಮಸೀದಿಗೆ ಹೋಗಲಿಲ್ಲ, ಎರಡು ದಿನ ಮಾತ್ರೆ ಬಿಟ್ಟ ಧೈರ್ಯ ಈಗ ಇಲ್ಲದ್ದರಿಂದ ಜುಮ್ಮಾಕ್ಕೂ ಇಲ್ಲ. ಮಾತ್ರೆ ತಪ್ಪದೆ ತಗೊಳ್ಳುತ್ತಿದ್ದರು, ನನ್ನ ಎದುರಿಗೇ ನುಂಗಿ ಬಾಯಿ ತೆರೆದು ತೋರಿಸುತ್ತಿದ್ದರು. ಕಾಲು ಊದುವುದು ನಿಂತಿತು. ಜಗಲಿಯಲ್ಲಿ ಕೂತು ಜುಮ್ಮಾದ ಬಾಂಗು ಕೇಳಿಸಿಕೊಂಡು, ಮುಂದಿನ ವಾರ ಹೋಗ್ತೀನಿ ಎನ್ನುವರು. ಮುಂದಿನ ವಾರವೂ ಅದೇ. ಮಾತ್ರೆ ನಮಾಜಾದ ಮೇಲೆ ತಾನೇ, ಇನ್ನೇನು ಭಯ ಎಂದರೆ, ನಿನಗೆ ಗೊತ್ತಾಗಲ್ಲ ಎನ್ನುವರು. ಇಡೀ ಊರಿಗೆ ಆ ಚಾಪೆಯ ವಿಷಯ ಗೊತ್ತಿದೆ, ಎಲ್ಲರೂ ಮರ್ಯಾದೆಗೆ ಸುಮ್ಮನಿದ್ದಾರೆ ಎಂಬುದು ಅವರ ನಂಬಿಕೆ. ಉಸಿರಿಗೆ ಔಷಧಿ ಸಿಕ್ಕಿತು, ಇದಕ್ಕೆ ಎಲ್ಲಿಂದ ತರುವುದು? ನಾನು ಎರಡು ಸಲ ಬೈದೆ, ಒಂದು ಸಲ ಬೇಡಿಕೊಂಡೆ. ಆಮೇಲೆ ಕೇಳುವುದನ್ನೇ ಬಿಟ್ಟೆ.

ಹೋದ ತಿಂಗಳು ಒಂದು ಶುಕ್ರವಾರ ಸ್ನಾನ ಮಾಡಿ ಬಂದವರು ಬಿಳಿ ಜುಬ್ಬಾ ಹಾಕಿಕೊಂಡರು. ಮಾತಾಡಿಸಿದರೆ ಎಲ್ಲಿ ಕೂತುಬಿಡುತ್ತಾರೋ ಎಂದು ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ನಿಧಾನಕ್ಕೆ ಬೀದಿ ದಾಟಿ ಹೋದರು, ಯಾವ ಅಂಗಡಿಯ ಮುಂದೆಯೂ ನಿಲ್ಲಲಿಲ್ಲ. ನಮಾಜು ಮುಗಿದು ಜನ ಬೀದಿಯಲ್ಲಿ ವಾಪಸ್ ಬರತೊಡಗಿದರು. ಇವರ ಸುಳಿವಿಲ್ಲ. ಮಗ ಬಂದು ಊಟಕ್ಕೆ ಕೂತ. ಅಪ್ಪ ಎಲ್ಲೋ ಎಂದರೆ, ನಾನು ಮಸೀದಿಯ ಮಹಡಿ ಮೇಲಿದ್ದೆ, ನೋಡಲಿಲ್ಲ ಎಂದ. ಮತ್ತೆ ಹಿಂದಿನ ಗಲ್ಲಿಯಿಂದ ಬರುತ್ತಾರೇನೋ ಎಂದು ಹಿತ್ತಿಲ ಬಾಗಿಲು ತೆಗೆದು ಅಲ್ಲೇ ನಿಂತೆ.

ಮುಂದಿನ ಬಾಗಿಲಿನಿಂದಲೇ ಬಂದರು, ಟೀ ಕುಡಿದು ಬಂದೆ ಎಂದರು. ಕೈತೊಳೆದು ಕೂತರು. ಬಟ್ಟೆ ಒದ್ದೆಯಾಗಿರಲಿಲ್ಲ, ಮೊದಲು ಅದನ್ನೇ ನೋಡಿದೆ. ಅನ್ನ ಬಡಿಸಿದೆ. ಎರಡು ತುತ್ತು ತಿಂದ ಮೇಲೆ, ಪ್ರವಚನದ ಮಧ್ಯದಲ್ಲಿ ಎದ್ದು ಹೋದೆ ಎಂದರು.

ನನ್ನ ಸೌಟು ಅಲ್ಲೇ ನಿಂತಿತು. ಅವರು ಅನ್ನ ಕಲಸುತ್ತಲೇ ಹೇಳಿದರು. ಮಾತ್ರೆ ತಗೊಳ್ಳದಿದ್ದರೂ ಒತ್ತಡ ಬಂತಂತೆ, ವಯಸ್ಸಾಯಿತಲ್ಲ. ತಡೆದುಕೊಳ್ಳಲು ನೋಡಿ, ಆಮೇಲೆ ಏನಾದರಾಗಲಿ ಎಂದು ಕಣ್ಣುಮುಚ್ಚಿ ಎದ್ದರಂತೆ. ಜನರ ಭುಜ ಹಿಡಿದುಕೊಂಡು, ಕಾಲು ತುಳಿಯದ ಹಾಗೆ, ಒಂದೊಂದೇ ಸಾಲು ದಾಟಿ ಹೊರಗೆ ಬಂದು, ಮೂತ್ರಕ್ಕೆ ಹೋಗಿ, ವುಜೂ ಮಾಡಲು ನಲ್ಲಿಯ ಮುಂದಿನ ಕಟ್ಟೆಯ ಮೇಲೆ ಕೂತರೆ, ಪಕ್ಕದ ನಲ್ಲಿಗೆ ಯಾರೋ ಬಂದು ಕೂತರು. ನೋಡಿದರೆ ಕಬ್ಬಿಣದ ಅಂಗಡಿಯ ಸಾಹೇಬರು, ಇವರ ಓರಗೆಯವರು. ಅವರ ಹಿಂದೆಯೇ ರಿಟೈರ್ಡ್ ಬಸ್ ಡ್ರೈವರ್ ಒಬ್ಬರು. ಮೂವರೂ ತಮ್ಮ ತಮ್ಮ ನಲ್ಲಿ ತಿರುಗಿಸಿ ಕೈ ತೊಳೆದರು, ಬಾಯಿ ಮುಕ್ಕಳಿಸಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕಾಲು ತೊಳೆಯುವಾಗ ಕಬ್ಬಿಣದ ಅಂಗಡಿಯವರು, ನಲ್ಲಿಯನ್ನೇ ನೋಡುತ್ತಾ, ಪಿಸುಮಾತಿನಲ್ಲಿ ಕೇಳಿದರಂತೆ.

"ನಿಂಗೂ ನೀರಿನ ಮಾತ್ರೆನಾ?"

ನೀವೇನಂದ್ರಿ ಎಂದೆ.

"ಹೂಂ ಅಂದೆ," ಎಂದರು. "ಅವನು ಎಷ್ಟೋ ವಾರದಿಂದ ಹಂಗೇ ತಡ್ಕೊಂಡು ಕೂತಿದ್ದನಂತೆ. ಯಾರಾದ್ರೂ ಒಬ್ರು ಮೊದ್ಲು ಏಳ್ಲಿ ಅಂತ ಕಾಯ್ತಿದ್ದನಂತೆ."

ಆಮೇಲೆ ಮೂವರೂ ಒಟ್ಟಿಗೆ ಒಳಗೆ ಹೋಗಿ ಬಾಗಿಲ ಪಕ್ಕದ ಸಾಲಿನಲ್ಲಿ ಕೂತರಂತೆ.